ಮೊಣಕಾಲು, ಟೇಪು ಮತ್ತು ನೂರು ಕಿಲೋಮೀಟರು

“ಈ ಮೊಣಕಾಲು ಯಾರದ್ದು? ನನ್ನದು! ಅಂದ ಮೇಲೆ ನಾನು ಹೇಳಿದ್ದನ್ನ ಅದು ಕೇಳಲೇಬೇಕು!” ಎಂದು ದರ್ಜಿ ಘೋಷಿಸಿದ. ಭಾವಮೈದುನನ ತಂಡ ಮುಂದಿನ ತಿಂಗಳು ಬೆಟ್ಟದ ಪುಣ್ಯಕ್ಷೇತ್ರಕ್ಕೆ ನೂರು ಕಿಲೋಮೀಟರು ಪಾದಯಾತ್ರೆ ಹೊರಡಲಿತ್ತು. ಮೂವತ್ತು ವರ್ಷ ಹೊಲಿಗೆ ಮಷೀನು ತುಳಿದಿದ್ದ ಬಲ ಮೊಣಕಾಲು ಮಾತ್ರ ‘ಕಟಕ್’ ಎಂದು ವಿರೋಧ ಸೂಚಿಸಿತು.

“ಹೋಗಿ, ಬೇಡ ಅನ್ನಲ್ಲ,” ಎಂದಳು ಹೆಂಡತಿ. “ಮೊದ್ಲು ಆ ನೂರು ಕಿಲೋಮೀಟರು ಮನೇಲೇ ನಡೆದು ತೋರಿಸಿ. ಒಂದು ತಿಂಗಳು ಟೈಮು. ಒಂದಡಿ ಕಮ್ಮಿಯಾದ್ರೂ ಯಾತ್ರೆ ಇಲ್ಲ. ದಾರೀಲಿ ಕೂತ್ಬಿಟ್ರೆ ನನ್ನ ತಮ್ಮ ಹೊತ್ಕೊಂಡು ಬರಬೇಕಾ?”

ದರ್ಜಿ ಕೊರಳಲ್ಲಿ ಹಾರದಂತಿದ್ದ ಟೇಪು ತೆಗೆದು ಮುಂಬಾಗಿಲಿನಿಂದ ಹಿತ್ತಿಲ ಬಾಗಿಲವರೆಗೆ ಅಳೆದ. ಸರಿಯಾಗಿ ಐವತ್ತಡಿ! ಆ ಟೇಪು ಅವನ ಮದುವೆಗಿಂತ ಹಳೆಯದು. ಹೆಂಡತಿಯ ಮಾತಿಗಿಂತ ಅದರ ಮಾತಿಗೇ ಬೆಲೆ ಹೆಚ್ಚು. ಗಿರಾಕಿಗಳ ಮೈಯಳತೆ ಅದರಲ್ಲಿ. ಬಟ್ಟೆ ಕತ್ತರಿಸುವುದು ಮಾತ್ರ ಕಬ್ಬಿಣದ ಸ್ಕೇಲಿನ ಅಳತೆಯಲ್ಲಿ. “ಪ್ಯಾಂಟು ಬಿಗಿ ಕಣಯ್ಯಾ” ಎಂದು ಯಾರಾದರೂ ಬಂದರೆ, “ಟೇಪು ಸುಳ್ಳು ಹೇಳಲ್ಲ ಸಾರ್, ನಿಮ್ಮ ಹೊಟ್ಟೆ ಬೆಳೆದಿದೆ!” ಎಂದು ಸಾಗಹಾಕುತ್ತಿದ್ದ. ಪಕ್ಕದ ಮನೆಯ ಮೇಷ್ಟ್ರಂತೂ ಆ ಮಾತು ನಂಬಿ ವರ್ಷದಿಂದ ರಾತ್ರಿಯೂಟ ಬಿಟ್ಟಿದ್ದರು.

ನಡಿಗೆ ಶುರುವಾಯಿತು. ಹತ್ತು ಸುತ್ತಿಗೊಂದು ಗೀಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಎರಡು ಗೋಡೆ ತುಂಬಿತು. ನೋವಿನೆಣ್ಣೆ ಮುಗಿದ ದಿನ ಮೊಣಕಾಲಿಗೆ ಮಷೀನಿನ ಎಣ್ಣೆಯನ್ನೇ ಬಿಟ್ಟ! ಎಷ್ಟಾದರೂ ಮೂವತ್ತು ವರ್ಷ ಒಟ್ಟಿಗೆ ದುಡಿದವು ತಾನೆ?

ಕೊನೆಯ ದಿನ ಸಂಜೆ, ತೊಂಬತ್ತೆಂಟು ಕಿಲೋಮೀಟರಿಗೆ, ಅಡುಗೆಮನೆ ಬಾಗಿಲಲ್ಲಿ ಮೊಣಕಾಲು ಮುಷ್ಕರ ಹೂಡಿತು. ದರ್ಜಿ ಗೋಡೆಗೊರಗಿ ಕುಸಿದ.

“ಸೋತೆ ಕಣೇ. ಎರಡೇ ಎರಡು ಬಾಕಿ ಇತ್ತು.”

ಹೆಂಡತಿಗೆ ಅಯ್ಯೋ ಅನ್ನಿಸಿತು, ಅನುಮಾನವೂ ಬಂತು. “ಐವತ್ತಡಿ ಅಂತ ಅಳೆದೋರೂ ನೀವೇ ತಾನೆ? ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತು!” ಎನ್ನುತ್ತಾ, ನೂಲಿನಂಗಡಿಯವನು ಪುಕ್ಕಟೆ ಕೊಟ್ಟಿದ್ದ ಹೊಸ ಟೇಪು ತಂದು ಅಳೆದಳು. ಮತ್ತೆ ಅಳೆದಳು. “ರೀ, ಐವತ್ತೆರಡು!”

ಎರಡೂ ಟೇಪನ್ನು ಪಕ್ಕಪಕ್ಕ ಹಿಡಿದಾಗ ಗುಟ್ಟು ರಟ್ಟಾಯಿತು. ಹಳೆಯದು ಎಳೆದೆಳೆದು ಉದ್ದವಾಗಿಬಿಟ್ಟಿತ್ತು!

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. “ನೀವು ನಡೆದಿರೋದು ತೊಂಬತ್ತೆಂಟಲ್ಲ, ನೂರೊಂದು ದಾಟಿದೆ! ಹೋಗ್ಬನ್ನಿ. ಕೈಲೊಂದು ಕೋಲಿರಲಿ.” ಕಣ್ಣು ಒರೆಸಿಕೊಂಡಳು.

ದರ್ಜಿ ಚಂಗನೆ ಎದ್ದ. ಮೊಣಕಾಲು ‘ಕಟಕ್’ ಎಂದಿತು. ಈ ಸಲ ಅದು ಚಪ್ಪಾಳೆಯಂತೆ ಕೇಳಿಸಿತು. ಕಿಟಕಿ ತೆರೆದು ಬೀದಿಗೆಲ್ಲ ಕೇಳುವಂತೆ ಕೂಗಿದ: “ಮೇಷ್ಟ್ರೇ, ಗೆದ್ದೆ! ನನ್ನ ಟೇಪು ಇಷ್ಟು ವರ್ಷ ಎಲ್ಲಾದನ್ನೂ ಕಮ್ಮಿ ತೋರಿಸ್ತಿತ್ತು!”

ಬಿಸಿನೀರು ಕುಡಿಯುತ್ತಿದ್ದ ಮೇಷ್ಟ್ರು ಲೋಟ ಕೆಳಗಿಟ್ಟರು.

“ಎಲ್ಲಾದನ್ನೂ? ಅಂದ್ರೆ... ನನ್ನ ಸೊಂಟಾನೂನಾ?”

ಎದುರುಮನೆಯ ಬಾಗಿಲು ತೆರೆಯಿತು. ಅದರಾಚೆಯದೂ ತೆರೆಯಿತು. ಕೈಯಲ್ಲಿ ಪ್ಯಾಂಟು ಹಿಡಿದವರು ಒಬ್ಬೊಬ್ಬರೇ ಬೀದಿಗಿಳಿದರು.

ಹೆಂಡತಿ ಯಾತ್ರೆಯ ಚೀಲವನ್ನು ಗಂಡನ ಹೆಗಲಿಗೆ ಏರಿಸಿಯೇಬಿಟ್ಟಳು. “ನಿಮ್ಮ ಯಾತ್ರೆ ಮುಂದಿನ ವಾರ ಅಲ್ಲ ರೀ, ಈಗ್ಲೇ! ಹಿತ್ತಿಲ ಬಾಗಿಲಿಂದ. ಐವತ್ತೆರಡೇ ಅಡಿ, ಓಡಿ!”