ವಿಮಾನದ ಹಣೆಗೆ ಗಂಧದ ಬೊಟ್ಟು

ನಾನು ಮುಟ್ಟಿದ ಎಂಜಿನ್ ಕೆಮ್ಮಿದ್ದೇ ಇಲ್ಲ! ಎಪ್ಪತ್ತರ ದಶಕದಲ್ಲಿ ಜಯನಗರದ ನಮ್ಮ ಬ್ಲಾಕಿನಲ್ಲಿ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಿದ್ದರು. ಯಾರೂ ಕೇಳದಿದ್ದರೆ ನಾನೇ ಹೇಳುತ್ತಿದ್ದೆ. ದಿನಾ ಎರಡು ಬಸ್ಸು ಬದಲಾಯಿಸಿ, ಊರಾಚೆ ವಿಮಾನ ಹಾರಿಸಲು ಕಲಿಸುವ ಕ್ಲಬ್ಬೊಂದರಲ್ಲಿ ಮೆಕ್ಯಾನಿಕ್ ಕೆಲಸ ಮಾಡುತ್ತಿದ್ದೆ. ಅಲ್ಲಿನ ಎರಡು ಸೀಟಿನ ಪುಟ್ಟ ವಿಮಾನ ನನ್ನ ಸುಪರ್ದಿನಲ್ಲಿತ್ತು.

ಹನುಮಂತನಗರದ ನನ್ನ ಮಾವನವರು ಮಾತ್ರ ನೆಂಟರೆದುರು, "ನಮ್ಮ ಅಳಿಯಂದ್ರು, ಸ್ಕೂಟರ್ ಗೀಟರ್ ರಿಪೇರಿ ಚೆನ್ನಾಗಿ ಮಾಡ್ತಾರೆ" ಎನ್ನುತ್ತಿದ್ದರು. ಗೀಟರ್! ಎಂಟು ವರ್ಷ ಸಹಿಸಿದೆ. ಕೊನೆಗೆ ನಮ್ಮ ಪೈಲಟ್ ಕ್ಯಾಪ್ಟನ್ ಸಾಹೇಬರನ್ನು ಕಾಡಿ ಬೇಡಿ, ಆಯುಧಪೂಜೆಯ ದಿನ ಮಾವನವರನ್ನು ಒಂದು ಸುತ್ತು ಹಾರಿಸಲು ಒಪ್ಪಿಸಿದೆ. ಮಾವನವರು ಇಡೀ ಬೀದಿಗೆ ಡಂಗುರ ಸಾರಿಬಿಟ್ಟರು. "ನಾಲ್ಕು ಗಂಟೆಗೆ ನಮ್ಮನೆ ಮೇಲೇ ಬರ್ತೀನಿ. ಎಲ್ಲಾ ತಾರಸಿ ಹತ್ತಿ ನಿಂತಿರಿ!" ಅತ್ತೆಯವರು ಬೀಸುವುದಕ್ಕೆಂದೇ ಕೆಂಪು ಸೀರೆ ತೆಗೆದಿಟ್ಟರು. ಈಗ ನನ್ನ ಮಾನ ಮರ್ಯಾದೆ ಆ ತಾರಸಿಯ ಮೇಲೆ ನಿಂತಿತ್ತು.

ಪೂಜೆ ಸಾಂಗವಾಗಿ ನಡೆಯಿತು. ನನ್ನ ಹೆಂಡತಿ ಸರಸು ಪ್ರೊಪೆಲ್ಲರಿಗೆ ಸೇವಂತಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ರೆಕ್ಕೆ ಅವಳ ಕೈಗೆ ಎಟುಕಲಿಲ್ಲ. ನಾನೇ ಏಣಿ ಹತ್ತಿದೆ. ರೆಕ್ಕೆಯ ಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬೋಳು ಹಣೆಯ ಹಾಗೆ ಕಂಡಿತು. ಬಿಡಲು ಮನಸ್ಸು ಬರುತ್ತದೆಯೇ? ರೂಪಾಯಿ ಅಗಲದ ಗಂಧದ ಬೊಟ್ಟು ಮೆತ್ತಿ, ಅದರ ನಡುವೆ ಕುಂಕುಮವಿಟ್ಟು ಕೈಮುಗಿದೆ.

"ಮೊದಲು ಹತ್ತು ನಿಮಿಷ ನೆಲದ ಮೇಲೇ ಎಂಜಿನ್ ಓಡಿಸ್ತೀನಿ. ಸರಿಯಿದ್ರೆ ಹಾರೋದು, ಇಲ್ದಿದ್ರೆ ಇಲ್ಲ" ಎಂದರು ಕ್ಯಾಪ್ಟನ್. ಹಾರ ತೆಗೆದೆವು. ಮಾವನವರು ಕರಿ ಕೋಟು, ಪೇಟ ಸಮೇತ ಪಕ್ಕದ ಸೀಟಿನಲ್ಲಿ ಕುಳಿತರು. ಎಂಜಿನ್ ಸೊಗಸಾಗಿ ಗುಡುಗಿತು. ಆರನೇ ನಿಮಿಷಕ್ಕೆ ಕೆಮ್ಮಿತು. ನಿಂತೇಹೋಯಿತು!

ಮಾವನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅಳಿಯಂದ್ರೇ, ಸ್ಕೂಟರ್ ಆಗಿದ್ರೆ ಒಂದ್ಸಲ ವಾಲಿಸಿ ಒದೀಬಹುದಿತ್ತು."

ಎಂಜಿನ್ ನಿಂತರೆ ಮೊದಲು ಪೆಟ್ರೋಲ್ ನೋಡಬೇಕು. ಇದು ನಾನು ಕಲಿತ ಮೊದಲ ಪಾಠ. ಏಣಿ ಹತ್ತಿ ಮುಚ್ಚಳ ತೆಗೆದೆ. 'ಉಸ್' ಎಂದಿತು. ಒಳಗೆ ಪೆಟ್ರೋಲ್ ಬೇಕಾದಷ್ಟಿತ್ತು. ಬೊಟ್ಟು ಅಳಿಸದಂತೆ ಜೋಪಾನವಾಗಿ ಮುಚ್ಚಿ ಕೆಳಗಿಳಿದೆ. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದೆ. ಎಂಜಿನ್ ಸ್ಟಾರ್ಟ್ ಆಯಿತು! "ಪ್ಲಗ್ಗಿನ ದೋಷ" ಎಂದು ಘೋಷಿಸಿದೆ. ಆರು ನಿಮಿಷಕ್ಕೆ ಮತ್ತೆ ನಿಂತಿತು.

ಮತ್ತೆ ಏಣಿ, ಮತ್ತೆ 'ಉಸ್', ಮತ್ತೆ ಜೋಪಾನ. ಈ ಸಲ ಕಾರ್ಬುರೇಟರ್ ಬಿಚ್ಚಿದೆ. ಸ್ಟಾರ್ಟ್ ಆಯಿತು, ನಿಂತಿತು. ಮೂರನೇ ಸಲ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋವನ್ನು ವಿಚಾರಣೆಗೆ ಒಳಪಡಿಸಿದೆ. ಅದೂ ನಿರಪರಾಧಿ! ಮೂರೂ ಮುಕ್ಕಾಲಾಗಿತ್ತು. ನನ್ನ ಹಬ್ಬದ ಬಿಳಿ ಷರಟು ಗ್ರೀಸಿನಲ್ಲಿ ಮಿಂದಿತ್ತು.

"ಇಂಧನದ ಗುಣಮಟ್ಟದಲ್ಲಿ ಗಂಭೀರ ಲೋಪ ಕಂಡುಬಂದಿದೆ" ಎಂದೆ ಗತ್ತಿನಿಂದ.

ಸರಸು ಹತ್ತಿರ ಬಂದಳು. "ರೀ, ನೀವು ಮುಚ್ಚಳ ತೆಗೆದಾಗಲೆಲ್ಲ ಉಸ್ ಅನ್ನುತ್ತಲ್ಲ, ಯಾಕೆ?"

"ಸುಮ್ನಿರೇ, ಇದೇನು ನಿನ್ನ ಅಡುಗೆಮನೆ ಅಲ್ಲ."

"ಅಡುಗೆಮನೇಲಿ ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀವಿ. ಒಂದು ಎಣ್ಣೆ ಬರೋಕೆ, ಇನ್ನೊಂದು ಗಾಳಿ ಹೋಗೋಕೆ. ಗಾಳಿ ಹೋಗದಿದ್ರೆ ಎಣ್ಣೆ ಬರಲ್ಲ. ನಿಮ್ಮ ವಿಮಾನಕ್ಕೆ ಗಾಳಿ ತೂತು ಎಲ್ಲಿದೆ?"

ನಾನು ರೆಕ್ಕೆಯತ್ತ ನೋಡಿದೆ. ತೂತು ಇತ್ತು. ಮುಚ್ಚಳದ ನಟ್ಟನಡುವೆ ಇತ್ತು. ಅದರ ಮೇಲೆ ನನ್ನ ಭಕ್ತಿ ಒಣಗಿ ಕಲ್ಲಾಗಿತ್ತು! ಮುಚ್ಚಳ ತೆಗೆದಾಗ ಟ್ಯಾಂಕಿಗೆ ಒಂದಿಷ್ಟು ಗಾಳಿ ಹೋಗುತ್ತಿತ್ತು, ಆ ಗಾಳಿ ಇರುವಷ್ಟು ಹೊತ್ತು ಎಂಜಿನ್ ಓಡುತ್ತಿತ್ತು. ನಾನು ಮಾತ್ರ ಬೊಟ್ಟು ಅಳಿಸದಂತೆ ಮತ್ತೆ ಮತ್ತೆ ಅದರ ಉಸಿರು ಕಟ್ಟಿಸುತ್ತಿದ್ದೆ.

ಸರಸು ತಾನೇ ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಮುಚ್ಚಳ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಗಂಧ ಒರೆಸಿ, ಹೇರ್‌ಪಿನ್ನಿನಿಂದ ತೂತು ಬಿಡಿಸಿದಳು. ಎಂಜಿನ್ ಹದಿನೈದು ನಿಮಿಷ ಒಂದೇ ಸಮನೆ ಓಡಿತು. ಕ್ಯಾಪ್ಟನ್ ನನ್ನನ್ನೊಮ್ಮೆ, ಹೇರ್‌ಪಿನ್ನನ್ನೊಮ್ಮೆ ನೋಡಿ ಹಾರಿದರು. ಸತ್ಯವಾಗಿ ಹೇಳುತ್ತೇನೆ, ಆ ಪೇಟ ಆಕಾಶಕ್ಕೇರಿದಾಗ ಹೆಮ್ಮೆಯಿಂದ ನನ್ನ ಕಣ್ಣು ತುಂಬಿಬಂತು.

ಸಂಜೆ ಹನುಮಂತನಗರಕ್ಕೆ ಹೋದೆವು. ಮೂರೂವರೆಯಿಂದ ಹದ್ದುಗಳಿಗೆಲ್ಲ, ಕೊನೆಗೆ ನಮ್ಮ ವಿಮಾನಕ್ಕೂ ಸೀರೆ ಬೀಸಿ ಅತ್ತೆಯವರ ತೋಳು ಬಿದ್ದುಹೋಗಿತ್ತು. ಬೀದಿಯ ಜನರ ನಡುವೆ ಮಾವನವರು ಎದೆಯುಬ್ಬಿಸಿ ಹೇಳುತ್ತಿದ್ದರು:

"ವಿಮಾನ ರಿಪೇರಿ ಮಾಡಿದ್ದು ನಮ್ಮ ಸರಸು! ಅಳಿಯಂದ್ರು ಏಣಿ ಹಿಡ್ಕೊಂಡಿದ್ರು."

ಅಂತೂ ಎಂಟು ವರ್ಷದ ಮೇಲೆ ಗೀಟರ್ ತಪ್ಪಿತು. ಏಣಿಯ ವಿಷಯ ಹೇಳುವುದಾದರೆ, ಅದನ್ನು ಕೊಂಚವೂ ಅಲ್ಲಾಡದಂತೆ ಹಿಡಿದಿದ್ದೆ!