ಬೆಳ್ಳಿ ನಾಣ್ಯ ನೀನೇ ಇಟ್ಕೋ

ಅಕ್ಕ: ಬೇಡ ಕಣೋ, ನಾಣ್ಯ ನೀನೇ ಇಟ್ಕೋ. ಈ ಮನೇ ಮಗ ನೀನು.

ತಮ್ಮ: ಛೆ ಛೆ, ದೊಡ್ಡವಳು ನೀನು. ನಿನ್ನ ಬಾಯಿಂದ ಕಿತ್ಕೊಂಡು ತಿನ್ನೋನಾ ನಾನು?

ಅಪ್ಪನ ಮನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಆರುನೂರು ವರ್ಷದ ಹಿಂದಿನ ಯುದ್ಧವೊಂದರ ನೆನಪಿನ ಬೆಳ್ಳಿ ನಾಣ್ಯ. ಒಂದು ಬದಿಗೆ ಕುದುರೆ ಮೇಲಿನ ರಾಜ, ಇನ್ನೊಂದು ಬದಿಗೆ ನಿಂತ ರಾಜ. ಇದನ್ನು ಮಕ್ಕಳಲ್ಲಿ ಒಬ್ಬರಿಗೆ ಕೊಡುತ್ತೇನೆಂದು ಅಪ್ಪ ಬೆಳಿಗ್ಗೆ ಸಾರಿದ್ದರು. ಷರತ್ತು ಒಂದೇ: ನಾಣ್ಯ ಇರುವ ಮನೆಗೆ ಪ್ರತಿ ಭಾನುವಾರ ಅಪ್ಪನೇ ಬಂದು ಆ ಯುದ್ಧದ ಕಥೆಯನ್ನು ಪೂರ್ತಿ ಹೇಳುತ್ತಾರೆ. ಆಮೇಲಿಂದ ಮಕ್ಕಳ ತ್ಯಾಗಬುದ್ಧಿ ಉಕ್ಕಿ ಹರಿಯುತ್ತಿದೆ. ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ.

ಅಕ್ಕ: (ಪಿಸುಮಾತಲ್ಲಿ) ನಂಗಿರೋದೇ ಒಂದು ಭಾನುವಾರ ಕಣೋ.

ತಮ್ಮ: ನಂಗೇನು ವಾರಕ್ಕೆ ಎರಡು ಬರುತ್ತಾ?

ಅಕ್ಕ: ಸರಿ, ಟಾಸ್ ಹಾಕೋಣ. ಸೋತವರು ತಗೊಳ್ಳೋದು. ಚಿಲ್ಲರೆ ತೆಗಿ.

ತಮ್ಮ: ಚಿಲ್ಲರೆ ಈಗ ಯಾರ ಹತ್ರ ಇರುತ್ತೆ? ಎಲ್ಲಾ ಫೋನಲ್ಲೇ.

ಅಕ್ಕ: ಹಾಗಾದ್ರೆ ಫೋನ್ ಹಾರಿಸು.

ತಮ್ಮ: ನಿಂದು ಕೊಡು, ಹಾರಿಸ್ತೀನಿ.

ಇಬ್ಬರೂ ನಿಧಾನವಾಗಿ ಮೇಜಿನ ಕಡೆ ನೋಡಿದರು.

ತಮ್ಮ: ಡಬ್ಬಿ ಸಮೇತ ಹಾರಿಸಿದ್ರಾಯ್ತು. ನಂದು ಯುದ್ಧ ಗೆದ್ದೋನ ಬದಿ. ಕುದುರೆ ಮೇಲಿದಾನಲ್ಲ, ಅವನು.

ಅಕ್ಕ: ಅವನು ಸೋತೋನು ಕಣೋ! ಗೆದ್ದೋನ ಕುದುರೆ ಕೆಸರಲ್ಲಿ ಹೂತುಹೋಗಿ, ಅವನು ನಡ್ಕೊಂಡೇ ಗೆದ್ದ.

ತಮ್ಮ: ಹೂತಿದ್ದು ಸೋತೋನ ಕುದುರೆ. ಎಡಗಡೆ, ಹಳ್ಳದ ಹತ್ರ.

ಅಕ್ಕ: ಬಲಗಡೆ. ಎಡಗಡೆ ಇದ್ದದ್ದು ಬಿಲ್ಲುಗಾರರು.

ತಮ್ಮ: ಬಿಲ್ಲುಗಾರರು ಗುಡ್ಡದ ಮೇಲಿದ್ರು. ಮಳೇಲಿ ಬಿಲ್ಲಿನ ದಾರ ನೆಂದು...

ಅಕ್ಕ: ಎಲ್ಲಿ ನೆನೀತು? ದಾರ ಬಿಚ್ಚಿ ಟೋಪಿಯೊಳಗೆ ಇಟ್ಕೊಂಡಿದ್ರು! ಅಪ್ಪ ಹೇಳೋವಾಗ ನಿದ್ದೆ ಹೊಡೀತಿದ್ಯಾ?

ಕುರ್ಚಿ ಕಿರುಗುಟ್ಟಿತು. ಅಪ್ಪ ಕಣ್ಣು ಬಿಟ್ಟಿದ್ದರು. ಕಣ್ಣು ಒದ್ದೆಯಾಗಿತ್ತು.

ಅಪ್ಪ: ಅಂದ್ರೆ... ಇಷ್ಟು ವರ್ಷ ಕೇಳಿಸ್ಕೊಳ್ತಿದ್ರಾ? ಗೋಡೆಗೆ ಹೇಳ್ತಿದೀನಿ ಅಂದ್ಕೊಂಡಿದ್ನಲ್ರೋ!

ತಮ್ಮ: ತಪ್ಪಿಸ್ಕೊಳ್ಳೋಕೆ ಎಲ್ಲಿತ್ತಪ್ಪಾ ದಾರಿ?

ಅಪ್ಪ ಎದ್ದು ಬಂದು ಡಬ್ಬಿಯನ್ನು ಜೇಬಿಗಿಳಿಸಿದರು.

ಅಪ್ಪ: ನಾಣ್ಯ ನನ್ನ ಹತ್ರಾನೇ ಇರ್ಲಿ. ನಂಗೆ ಬೇಕಾದ್ದು ಸಿಕ್ತು. ಹೊರಡಿ, ನಿಮಗೆ ಹೊತ್ತಾಗುತ್ತೆ.

ಇಬ್ಬರೂ ಬಾಗಿಲಿಗೆ ಬಂದರು. ತಮ್ಮ ಆಗಲೇ ಒಂದು ಚಪ್ಪಲಿ ಮೆಟ್ಟಿದ್ದ.

ಅಕ್ಕ: ಆದ್ರೂ ಅಪ್ಪಾ, ಕುದುರೆ ಹೂತಿದ್ದು ಬಲಗಡೆ ತಾನೇ?

ತಮ್ಮ: ಅಕ್ಕಾ!

ಅಪ್ಪ: ಇಬ್ಬರೂ ಹೇಳಿದ್ದು ತಪ್ಪು. ಕೂತ್ಕೊಳ್ಳಿ, ಮೊದಲಿಂದ ಹೇಳ್ತೀನಿ.