ನಮ್ಮತ್ತೆಯ ಹಂದಿಗೆ ಹಿತ್ತಲ ಬಾಗಿಲಿಲ್ಲ

ನಮ್ಮ ಸೋದರತ್ತೆಯ ವಿಷಯವಾಗಿ ದೇವದುರ್ಗದ ಜನ ಹೇಳುವುದನ್ನು ದಯವಿಟ್ಟು ನಂಬಬೇಡಿ. ಅವರು ತುಂಬ ಕಡಿಮೆ ಮಾಡಿ ಹೇಳುತ್ತಾರೆ! ಹಂದಿಗಳಿಗೆ ಸೋಪು ಹಚ್ಚಿ ಜಳಕ ಮಾಡಿಸುತ್ತಿದ್ದಳು ಎನ್ನುತ್ತಾರೆ. ಸೋಪಲ್ಲ, ಸೀಗೇಕಾಯಿ. ಹಂದಿಯನ್ನು ಬೈದವನನ್ನು ಪೊರಕೆ ಹಿಡಿದು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದಳು ಎನ್ನುತ್ತಾರೆ. ಓಣಿಯ ತುದಿಯವರೆಗೆ ಅಲ್ಲ, ಬಸ್ ಸ್ಟ್ಯಾಂಡಿನವರೆಗೆ. ಪ್ರತಿ ರಜೆಗೂ ಮಾನ್ವಿಯಿಂದ ಅವಳ ಮನೆಗೆ ಓಡಿಬರುತ್ತಿದ್ದ ನಾನು ಇದನ್ನೆಲ್ಲ ಕಣ್ಣಾರೆ ಕಂಡವಳು. ಒಂದಿಷ್ಟು ದಿನ ಆ ಸೀಗೇಕಾಯಿಯನ್ನು ಕುಟ್ಟಿದವಳೂ ನಾನೇ.

ಎಪ್ಪತ್ತರ ದಶಕದ ನಡುವಿನ ಮಾತು. ಮಾವ ತೀರಿಕೊಂಡಾಗ ಅತ್ತೆಗೆ ಉಳಿದದ್ದು ಊರಂಚಿನ ಒಂದು ಮಣ್ಣಿನ ಮನೆ, ಅದರ ಹಿಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಒಂದು ತುಂಡು ಹಿತ್ತಲು. ಮಕ್ಕಳಿಲ್ಲ. ಇಂಥ ಹೆಂಗಸು ಏನು ಮಾಡಬೇಕು? ಅಣ್ಣನ ಮನೆಗೆ ಬಂದು ಅಡುಗೆಮನೆಯ ಮೂಲೆ ಹಿಡಿಯಬೇಕು. ಅಣ್ಣ ಎಂದರೆ ನಮ್ಮಪ್ಪ, ಮಾನ್ವಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಚಕ್ಕಡಿ ಕಟ್ಟಿಸಿಕೊಂಡೇ ಕರೆಯಲು ಹೋಗಿದ್ದ. ಅತ್ತೆ ಚಕ್ಕಡಿಯ ಎತ್ತುಗಳಿಗೆ ನೀರು ಕುಡಿಸಿ, ಅಪ್ಪನನ್ನು ಬರಿ ಚಕ್ಕಡಿಯಲ್ಲಿ ತಿರುಗಿ ಕಳಿಸಿದಳು.

“ನಿನ್ನ ಮನ್ಯಾಗ ನನಗ ಮೂಲಿ ಅದ ಅಣ್ಣಾ, ಇಲ್ಲಿ ನನಗ ಮನಿ ಅದ. ಯಾವುದು ದೊಡ್ಡದು?”

ಸರಿ, ಹೊಟ್ಟೆಗೇನು ಮಾಡುವುದು? ಅದಕ್ಕೆ ಉತ್ತರ ರಾಯಚೂರಿನಲ್ಲಿ ಸಿಕ್ಕಿತು. ಕಣ್ಣು ತೋರಿಸಲು ಹೋದವಳು ಅಲ್ಲೆಲ್ಲೋ ದೊಡ್ಡಿಯಲ್ಲಿ ಕೂಡಿಹಾಕಿ ಸಾಕಿದ ಬಿಳಿ ಹಂದಿಗಳನ್ನು ನೋಡಿದಳು. ಗಟಾರದಲ್ಲಿ ಅಲೆಯುವ ನಮ್ಮ ಕರಿ ಹಂದಿಗಳಲ್ಲ. ಮೈಯೆಲ್ಲ ಗುಲಾಬಿ ಬಣ್ಣ, ತಿಂದಷ್ಟೂ ಬೆಳೆಯುವ ಜಾತಿ. ಕಣ್ಣಿನ ಡಾಕ್ಟರನ್ನು ಮರೆತು ಎರಡು ಮರಿಗಳನ್ನು ತೆಗೆದುಕೊಂಡು, ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿಬಿಟ್ಟಳು. ಬಸ್ಸು ಹೊರಟದ್ದೇ ತಡ, ಮರಿಗಳು ಚೀರತೊಡಗಿದವು. ಪಕ್ಕದ ಹೆಂಗಸಿಗೆ ಕರುಳು ಚುರ್ ಎಂದಿತು.

“ಕೂಸಿಗಿ ಏನಾಗ್ಯದಬೇ, ಹಂಗ್ಯಾಕ ಚೀರಾಕತ್ತದ?”

“ಹಸದಾವು.”

“ಯವ್ವಾ, ಅವಳಿ-ಜವಳಿ ಏನು? ಒಂದೀಟು ಮಾರಿ ತೋರಸಬೇ.”

ಅತ್ತೆ ಕೌದಿ ಸರಿಸಿ ತೋರಿಸಿದಳು. ಆ ತಾಯಿ ಎದ್ದು ಹಾರಿದ ರಭಸಕ್ಕೆ ಎದುರಿನ ಸೀಟಿನ ಮುದುಕನ ತೊಡೆಯ ಮೇಲೆ ಹೋಗಿ ಕೂತಿದ್ದಳು! ಸೀಟಿ ಊದಿ ಬಸ್ಸು ನಿಲ್ಲಿಸಿದ ಕಂಡಕ್ಟರ್ “ಇಳೀಬೇ ಕೆಳಗ!” ಎಂದ.

“ಯಾಕ ಇಳೀಲಿ? ಕೋಳಿಗಿ ಟಿಕೆಟ್ ಹರೀತಿ, ಆಡಿಗಿ ಹರೀತಿ. ಇವಕ್ಕೂ ಹರಿ. ಆದರ ನೋಡಪಾ, ಅರ್ಧ ಟಿಕೆಟ್ ಹರದ್ರ ಸೀಟು ಬಿಡಿಸಿಕೊಡಬೇಕು!”

ಸೀಟು ಬಿಡಿಸುವ ಪ್ರಸಂಗವೇ ಬರಲಿಲ್ಲ. ಗಬ್ಬೂರು ದಾಟುವ ಹೊತ್ತಿಗೆ ಹಿಂದಿನ ಉದ್ದ ಸೀಟು ಪೂರಾ ಖಾಲಿ. ಅತ್ತೆ ಕಾಲು ಚಾಚಿ ಮಲಗಿಕೊಂಡು ಊರಿಗೆ ಬಂದಳು.

ಬಿಳಿ ಹಂದಿ ತಂದದ್ದೇನೋ ಆಯಿತು. ನಮ್ಮ ಬಿಸಿಲಿಗೆ ಅದು ಗೊತ್ತಾಗಬೇಕಲ್ಲ? ಚೈತ್ರ ಬರುವಷ್ಟರಲ್ಲಿ ಅವುಗಳ ಕಿವಿ, ಬೆನ್ನು ಸುಲಿದು ಕೆಂಪಾದವು. ಅತ್ತೆ ಕೊಬ್ಬರಿ ಎಣ್ಣೆಗೆ ಅರಿಷಿಣ ಕಲಸಿ ಮೂಗಿನಿಂದ ಬಾಲದವರೆಗೆ ಹಚ್ಚಿ, ಮಾವನ ಹಳೆಯ ಧೋತರವನ್ನು ಹರಿದು ಹೊದಿಸಿದಳು. ಅಷ್ಟೇ ಸಾಕಾಯಿತು, ಹಂದಿಗಳಿಗೆ ಸುರಗಿ ಸುತ್ತಿ ಅರಿಷಿಣ ಹಚ್ಚಿ ಮದುವೆ ಮಾಡುತ್ತಿದ್ದಾಳೆಂದು ಊರೆಲ್ಲ ಸುದ್ದಿ! ನಗಲೆಂದೇ ಬಂದ ಓಣಿಯ ಹೆಂಗಸೊಬ್ಬಳು ಬೇಲಿಯಾಚೆ ನಿಂತು ಕೇಳಿದಳು, “ಗಂಡಿನ ಕಡೆಯೋರು ಯಾವ ಊರೋರಬೇ?”

“ಇನ್ನೂ ಹುಡುಕಾಕತ್ತೀನಿ. ನಿನ್ನ ಮಗನ್ನ ಕೇಳೋಣಂತ ಮಾಡಿದ್ದೆ. ಆದರ ಅಂವ ದಿನಾ ಜಳಕ ಮಾಡಂಗಿಲ್ಲಂತಲ್ಲ, ಇವು ಒಪ್ಪವಲ್ವು.”

ಅತ್ತೆ ಹಂದಿಗಳನ್ನು ಕರೆಯುತ್ತಿದ್ದದ್ದು ಬಹುವಚನದಲ್ಲಿ. “ಏಳ್ರೀ, ಹೊತ್ತು ಏರ್ಯದ. ಜಳಕಕ್ಕ ಬರ್ರಿ.” ಓಣಿಯ ಗಂಡಸರಿಗೆಲ್ಲ “ಏನಲೇ, ಎಲ್ಲಿಗಿ ಹೊಂಟಿ?” ಎಂದು. ಇದರಿಂದ ನೊಂದ ಒಬ್ಬಾತ ನ್ಯಾಯ ಕೇಳಿಯೇಬಿಟ್ಟ. ಅತ್ತೆ ಎಂದಳು, “ಅವು ನಾಕು ದಿನ ಇದ್ದು ಹೋಗೋವು, ಬೀಗರಿದ್ದಂಗ. ನೀ ಇಲ್ಲೇ ಬಿದ್ದಿರಾಂವ.”

ಹಂದಿ ಹೊಲಸು ಎಂದವರನ್ನು ಮಾತ್ರ ಅವಳು ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲ. “ಹೊಲಸು ಮಾಡೋರು ನೀವು. ತಿಂದು ಓಣಿ ಸ್ವಚ್ಛ ಮಾಡೋದು ಹಂದಿ. ಹೊಲಸ ಅನ್ನಿಸಿಕೊಳ್ಳೋದೂ ಹಂದಿ! ಯಾವೂರ ನ್ಯಾಯಲೇ ಇದು?” ನನಗಂತೂ ಇವತ್ತಿಗೂ ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ನಿಮಗೆ ಸಿಕ್ಕಿದೆಯೇ? ಅವಳ ಹಂದಿಗಳು ದೊಡ್ಡಿಯಿಂದ ಹೊರಗೆ ಕಾಲಿಟ್ಟವಲ್ಲ. ಜೋಳದ ನುಚ್ಚು, ಶೇಂಗಾ ಹಿಂಡಿ, ಕುಂಬಳಕಾಯಿ ಇವೇ ಅವುಗಳ ಊಟ. ಮುಂದೆ ನಾನು ಓದಲು ಹೋದ ಹಾಸ್ಟೆಲಿನಲ್ಲಿ ನಮಗೆ ಹಾಕುತ್ತಿದ್ದುದಕ್ಕಿಂತ ಅದು ಖಂಡಿತ ಚೆನ್ನಾಗಿತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮವರಲ್ಲಿ ಹಂದಿ ತಿನ್ನುತ್ತಾರೆಯೇ? ತಿನ್ನುತ್ತಾರೆ, ಆದರೆ ತಿನ್ನುವುದಿಲ್ಲ! ಎಂದರೆ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೇ ಬೇರೆ ಗಡಿಗೆ ಇಟ್ಟು ಬೇಯಿಸಿ, ಗೋಡೆಗೆ ಮುಖ ಮಾಡಿ ಕೂತು ತಿಂದು, ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಹಾಕಿಕೊಂಡು ಮುಂದಿನ ಕಟ್ಟೆಗೆ ಬಂದು “ಛೀ, ಹಂದಿ ತಿಂತಾರಂತ!” ಎನ್ನುತ್ತಾರೆ. ಆ ಎರಡು ಮರಿಗಳು ಬೆಳೆದು ಮರಿ ಹಾಕಿ, ಅತ್ತೆ ಮಾರತೊಡಗಿದ ಮಾಂಸ ಒಳ್ಳೆಯದೆಂಬ ಹೆಸರು ಹಬ್ಬಿದ್ದೇ ತಡ, ದೊಡ್ಡ ದೊಡ್ಡ ಮನೆಗಳಿಂದ ಆಳುಗಳು ಟವೆಲು ಮುಚ್ಚಿದ ಚರಿಗೆ ಹಿಡಿದು ಅವಳ ಹಿತ್ತಲ ಬಾಗಿಲಿಗೆ ಬರತೊಡಗಿದರು. ಹೊಟ್ಟೆಪಾಡಿನ ಹೆಂಗಸು ಖುಷಿಪಡಬೇಕೋ ಬೇಡವೋ? ಅತ್ತೆ ಬೇಲಿಯಲ್ಲಿದ್ದ ಆ ಹಿತ್ತಲ ಬಾಗಿಲನ್ನೇ ಕಿತ್ತುಹಾಕಿಸಿ, ಆ ಜಾಗಕ್ಕೆ ಗೋಡೆ ಕಟ್ಟಿಸಿಬಿಟ್ಟಳು! ತಕ್ಕಡಿಯನ್ನು ತಂದು ಮುಂದಿನ ಕಟ್ಟೆಯ ಮೇಲೆ, ಬೀದಿಗೆ ಕಾಣುವಂತೆ ತೂಗುಹಾಕಿದಳು.

“ತಿನ್ನೋ ಬಾಯಿ ಮುಂದ ಅದ. ಕೊಳ್ಳೋ ಬಾಗಿಲ್ಯಾಕ ಹಿಂದ ಬೇಕು? ಬೇಕಾದೋರು ಹಗಲಿನಾಗ, ಮುಂದ ಬರ್ರಿ.”

ಬಂದರೇ? ಕೂಲಿಯವರು ಬಂದರು, ಬಡವರು ಬಂದರು, ಹೊಲದ ಕೆಲಸದ ಹೆಂಗಸರು ಬಂದರು, ನಾಚಿಕೆಯಿಲ್ಲದೆ ತೂಗಿಸಿಕೊಂಡು ಹೋದರು. ಚರಿಗೆಯವರು ಮಾತ್ರ ಬಾಯಿ ಕಟ್ಟಿಕೊಂಡು ಕೂತರು. ಅವರಲ್ಲೆಲ್ಲ ಹೆಚ್ಚು ಸಿಟ್ಟಾದವರು ಓಣಿಯ ಯಜಮಾನರು. ಓಣಿಯಲ್ಲಿ ಹಂದಿಯ ವಾಸನೆ ಬರುತ್ತದೆ ಎಂಬುದು ಅವರಿಗೆ ಹೊಳೆದದ್ದೇ ಹಿತ್ತಲ ಬಾಗಿಲು ಮುಚ್ಚಿದ ಮೇಲೆ!

ಯಜಮಾನರು ಮೊದಲು ಹೋದದ್ದು ಅತ್ತೆಯ ಪಕ್ಕದ ಕಟ್ಟಿಗೆ ಅಡ್ಡೆಯ ಚಾಚಾನ ಹತ್ತಿರ. ಐದು ಹೊತ್ತು ನಮಾಜು ಮಾಡುವ ಮನುಷ್ಯ. ಹಂದಿಯ ಮೇಲೆ ದೂರು ಹೇಳಲು ಇವನಿಗಿಂತ ಯೋಗ್ಯರು ಯಾರಿದ್ದಾರೆ? ಆದರೆ ದೊಡ್ಡಿ ಕಟ್ಟುವ ಮೊದಲೇ ಅತ್ತೆ ಅವನ ಮನೆಯ ಕಡೆ ಆಳೆತ್ತರದ ಗೋಡೆ ಎಬ್ಬಿಸಿ, ಕೊಳೆನೀರಿನ ನಾಲೆಯನ್ನು ಆಚೆ ತಿರುಗಿಸಿದ್ದಳು. ಚಾಚಾ ಕೊಡಲಿ ಕೆಳಗಿಟ್ಟು ಹೇಳಿದ.

“ದೀವಾರ್ ಉನೋ ಬಾಂಧೇ, ನಾಲಿ ಉನೋ ಫಿರಾಯೇ. ಮೇರೇಕು ಕ್ಯಾ ತಕಲೀಫ್, ನನಗೇನು ತ್ರಾಸ ಯಜಮಾನ್ರೇ? ಆಕಿ ಹಂದಿ ನಾನು ಇವತ್ತಿನ ತನಕ ನೋಡಿಲ್ರೀ. ನಿಮ್ಮ ಮನಿ ಚರಿಗಿ ಆಕಿ ಹಿತ್ತಲಕ್ಕ ಹೋಗೋದು ಮಾತ್ರ ದಿನಾ ನೋಡ್ತಿದ್ದೆ.”

ಇಷ್ಟೆಲ್ಲ ಓದಿ ನಮ್ಮತ್ತೆಗೆ ಯಾವ ದುಃಖವೂ ಇರಲಿಲ್ಲ ಎಂದುಕೊಂಡಿರಾ? ಒಂದಿತ್ತು. ಅದು ನಮ್ಮಪ್ಪ.

ಹಂದಿ ಬಂದ ದಿನದಿಂದ ಅಪ್ಪ ತಂಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವಳ ಮನೆಯ ನೀರು ಮುಟ್ಟುತ್ತಿರಲಿಲ್ಲ. ಅವನಿಗೆ ಹಂದಿ ಕಂಡರೆ ಅಸಹ್ಯವೆಂದಲ್ಲ, ನಮ್ಮ ಹಿತ್ತಲಲ್ಲೂ ಮೂರು ಕಲ್ಲಿದ್ದವು. ಅವನ ಭಯವೆಲ್ಲ ಮಗಳ ಮದುವೆಯದು. “ಹಂದಿ ಸಾಕೋರ ಮನಿ ಹುಡುಗಿ ಅಂದ್ರ ಯಾರು ತರ್ತಾರಬೇ?” ಎಂದು ಅವ್ವನ ಮುಂದೆ ಹಲುಬುತ್ತಿದ್ದ. ಆ ಹುಡುಗಿ ನಾನೇ. (ಗಾಬರಿಯಾಗಬೇಡಿ, ನನಗೆ ಮದುವೆಯಾಯಿತು. ಗಂಡನ ಮನೆಯವರು ನನಗಿಂತ ಚೆನ್ನಾಗಿ ಹಂದಿ ತಿನ್ನುತ್ತಾರೆ.) ಆದರೂ ಪ್ರತಿ ವರ್ಷ ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಅಪ್ಪ ತಪ್ಪದೆ ಬರುತ್ತಿದ್ದ. ಬಂದು ಚಾಚಾನ ಅಡ್ಡೆಯಲ್ಲಿ ಕಟ್ಟಿಗೆಯ ದಿಮ್ಮಿಯ ಮೇಲೆ ಕೂತು, ಚಾಚಾನ ಮನೆಯ ನೀರು ಕುಡಿದು, ಅಲ್ಲಿಂದಲೇ ಕೂಗಿ ಕರೆಯುತ್ತಿದ್ದ.

“ಪಂಚಮಿಗಿ ಬಾರಬೇ.”

“ಹಂದಿ ಬಿಟ್ಟು ಹೆಂಗ ಬರ್ಲಿ ಅಣ್ಣಾ? ನೀನ ಒಳಗ ಬಾ.”

“ಹಂದಿ ಬಿಡು, ಬರ್ತೀನಿ.”

ಅಷ್ಟೇ. ಅಣ್ಣ ತಿರುಗಿ ಬಸ್ಸು ಹತ್ತುತ್ತಿದ್ದ. ಅತ್ತೆ ಆ ದಿನ ಯಾರೊಡನೆಯೂ ಜಗಳವಾಡುತ್ತಿರಲಿಲ್ಲ. ಜಗಳವಾಡದ ಅತ್ತೆಯನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಹಿತ್ತಲ ಬಾಗಿಲು ಮುಚ್ಚಿದ ಆ ವರ್ಷ, ಶ್ರಾವಣ ಹತ್ತುವ ಮುಂಚಿನ ಕೊನೆಯ ಭಾನುವಾರ. ಶ್ರಾವಣದಲ್ಲಿ ಮಾಂಸ ಮುಟ್ಟದವರೆಲ್ಲ ಅದಕ್ಕೆ ಮೊದಲು ಒಂದು ಸಲ ಬಾಯಿತುಂಬ ತಿಂದುಬಿಡುವ ದಿನ; ಅತ್ತೆಗೆ ವರ್ಷದ ದೊಡ್ಡ ವ್ಯಾಪಾರ. ಅವತ್ತೇ ಯಜಮಾನರು ಓಣಿಯ ಹಿರಿಯರನ್ನು ಕರೆದುಕೊಂಡು ಬಂದು, ಅವಳ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕೂತರು. ಹಂದಿ ಓಣಿ ಬಿಡಬೇಕು ಎಂಬುದು ಅವರ ಠರಾವು. ಹಂದಿ ಬಿಟ್ಟರೆ ಅತ್ತೆ ಮನೆ ಬಿಡಬೇಕು, ಮನೆ ಬಿಟ್ಟರೆ ನಮ್ಮ ಅಡುಗೆಮನೆಯ ಮೂಲೆ ಹಿಡಿಯಬೇಕು. ಇದು ಅವರಿಗೂ ಗೊತ್ತಿತ್ತು. ಅಪ್ಪನೂ ಅದೇ ದಿನ ಕರೆಯಲು ಬಂದು ಅಡ್ಡೆಯಲ್ಲಿ ಕೂತಿದ್ದ. ದೊಡ್ಡ ರಜೆ ಇರದಿದ್ದರೂ ಹಠ ಮಾಡಿ ಜೊತೆಗೆ ಬಂದಿದ್ದ ನಾನು ಅತ್ತೆಯ ಬೆನ್ನಿಗೆ ನಿಂತಿದ್ದೆ.

“ವಾಸನಿ ಬರ್ತದ,” ಎಂದರು ಯಜಮಾನರು.

“ನಿಮ್ಮ ಗಟಾರದ್ದದು. ಮೂಗು ಆ ಕಡಿ ತಿರುವಿ ನೋಡ್ರಿ.”

“ಜಡ್ಡು ಬರ್ತಾವು.”

“ನನಗ ಬಂದಿಲ್ಲ. ನಿಮಗ ಬಂದದ್ದು ಹೊಟ್ಟಿ ಉರಿ. ಅದಕ್ಕ ಔಷಧ ಇಲ್ಲ.”

“ದೇವರ ಓಣಿಬೇ ಇದು!”

“ಹಂದಿ ರೂಪದಾಗ ಬಂದಾವನೂ ದೇವರ ಅಲ್ಲೇನು? ಅವಾ ಬಂದ್ರೂ ಓಣಿ ಬಿಡ್ರಿ ಅಂತೀರೇನು?”

ಸುತ್ತ ನಿಂತವರೆಲ್ಲ ನಕ್ಕರು. ಯಜಮಾನರ ಮುಖ ಕಪ್ಪಿಟ್ಟಿತು. ಅವರು ಅಡ್ಡೆಯ ಕಡೆ ಕೈ ತೋರಿಸಿದರು.

“ಎಲ್ಲಾ ಬಿಡಬೇ. ನಿನ್ನ ಒಡಹುಟ್ಟಿದ ಅಣ್ಣ ಅಲ್ಲಿ ಕುಂತಾನ. ಅವನೇ ನಿನ್ನ ಮನಿ ನೀರು ಮುಟ್ಟಂಗಿಲ್ಲ. ನಾವ್ಯಾಕ ನಿನ್ನ ಬಾಜೂಕ ಬಾಳೇವು ಮಾಡಬೇಕು?”

ನಾನು ಅತ್ತೆಯ ಉತ್ತರಕ್ಕಾಗಿ ಕಾದೆ. ಅವಳು ಸೆರಗು ಸರಿಮಾಡಿಕೊಂಡಳು. ಬಸ್ ಕಂಡಕ್ಟರನನ್ನು ಗೆದ್ದವಳು, ಊರನ್ನು ಗೆದ್ದವಳು ತಲೆ ತಗ್ಗಿಸಿ ಕಾಲ್ಬೆರಳು ನೋಡುತ್ತ ನಿಂತಳು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಪ್ಪ ದಿಮ್ಮಿಯಿಂದ ಎದ್ದ. ಚಪ್ಪಲಿ ಅಲ್ಲೇ ಬಿಟ್ಟು, ಹಿರಿಯರ ನಡುವಿನಿಂದಲೇ ಹಾದು ಬಂದು, ತಂಗಿಯ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತ.

“ಹಸಿವ್ಯಾಗ್ಯದ. ಏನರ ಹಾಕಬೇ.”

ಅತ್ತೆ ಅವನ ಹತ್ತಿರ ಬಾಗಿದಳು. “ಅಣ್ಣಾ, ಒಲಿ ಮ್ಯಾಲ ಹಂದೀದು ಅದ. ತಡಿ, ರೊಟ್ಟಿ ಪುಂಡಿಪಲ್ಯ ಮಾಡ್ತೀನಿ.”

“ಒಲಿ ಮ್ಯಾಲ ಇದ್ದದ್ದ ಹಾಕು.”

ಅತ್ತೆ ಒಳಗೆ ಓಡಿದಳು. ಯಜಮಾನರು ಎದ್ದು ಬಂದು ಗಂಭೀರವಾಗಿ ಹೇಳಿದರು, “ಸಾವಕಾರ, ನಿನಗೂ ಮದುವಿಗಿ ಬಂದ ಮಗಳದಾಳ. ನೆನಪಿರಲಿ.”

“ಛಲೋ ನೆನಪು ಮಾಡಿದಿ,” ಎಂದ ಅಪ್ಪ ನನ್ನ ಕಡೆ ತಿರುಗಿ, “ಬಾಬೇ, ನೀನೂ ಕುಂದ್ರು,” ಎಂದ.

ನಾನು ಹೋಗಿ ಅಪ್ಪನ ಪಕ್ಕ ಕೂತೆ. ನನ್ನ ಮದುವೆಯ ಹಂದರದಲ್ಲೂ ನಾನು ಅಷ್ಟು ಜಂಬದಿಂದ ಕೂತವಳಲ್ಲ! ಅತ್ತೆ ಎರಡು ತಾಟು ತಂದಿಟ್ಟಳು. ಅಪ್ಪ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟ. ಇನ್ನು ಹಿರಿಯರಿಗೆ ಹೇಳಲು ಏನು ಉಳಿದಿತ್ತು? ಒಬ್ಬೊಬ್ಬರಾಗಿ ಧೋತರ ಝಾಡಿಸಿಕೊಂಡು ಎದ್ದರು. ಯಜಮಾನರು ಕೊನೆಗೆ ಹೋದರು. ಹೋಗುವಾಗ ನನ್ನ ತಾಟನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹಸಿವೇ ಹೆಚ್ಚಿತ್ತು.

ನಾನೂ ಒಂದು ತುತ್ತು ತಿಂದು ಅಪ್ಪನ ಮುಖ ನೋಡಿದೆ. ಅಪ್ಪ ಕಣ್ಣಿನಲ್ಲೇ ಗದರಿಸಿ, “ಸುಮ್ಮ ತಿನ್ನು,” ಎಂದು ಮೆಲ್ಲಗೆ ಹೇಳಿದ. ಮನೆಯಲ್ಲಿ ಸಾರಿಗೆ ಒಂದು ಹರಳು ಹೆಚ್ಚುಕಡಿಮೆಯಾದರೆ ತಾಟು ಸರಿಸಿ ಏಳುವ ಮನುಷ್ಯ. ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ ತಂಗಿಯ ಮುಂದೆ ತಾಟು ಒರೆಸಿದಂತೆ ತಿಂದು, “ಇನ್ನೊಂದೀಟು ಹಾಕು,” ಎಂದ.

ನಾವು ಕೈ ತೊಳೆದ ಮೇಲೆ ಅತ್ತೆ ಊಟಕ್ಕೆ ಕೂತಳು. ಒಂದು ತುತ್ತು ಬಾಯಿಗಿಟ್ಟವಳು ಅಲ್ಲೇ ತಡೆದಳು.

“ಅಣ್ಣಾ, ಇದಕ್ಕ ಉಪ್ಪ ಹಾಕಿಲ್ಲಲ್ಲೋ ನಾನು! ಹೆಂಗ ತಿಂದಿ?”

“ನೀ ಹಾಕಿದಿ, ನಾ ತಿಂದೆ,” ಎಂದ ಅಪ್ಪ.

ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, ಹೋಗಿಬರುವ ಜನರೆಲ್ಲ ನಿಂತು ನೋಡುತ್ತಿರುವಾಗಲೇ, ಆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು.